ಒದ್ದೆ ಕಂಬಳಿಯ ತೂಕ

ಸುಮಿತ್ರಾ ಅವರೇ, ನಿಮ್ಮ ತಾಯಿಯನ್ನು ಆಸ್ಪತ್ರೆಗೆ ಸೇರಿಸಲು ತಡ ಮಾಡಿದವರು ನಿಮ್ಮ ತಂದೆಯಲ್ಲ. ನಾನು. ಆ ತಪ್ಪನ್ನು ಎಸ್ಟೇಟಿನ ಇಡೀ ಕೂಲಿ ಲೈನಿನ ಜನರೆದುರು ನಿಮ್ಮ ತಂದೆಯ ತಲೆಗೆ ಕಟ್ಟಿದವನೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಲು ಹೊರಟರೆ ಮಧ್ಯದಲ್ಲೆಲ್ಲೋ ನನ್ನ ಪರವಾಗಿ ಒಂದು ಮಾತು ನುಸುಳಿಬಿಡುತ್ತದೆ — ನನ್ನನ್ನು ನಾನು ಚೆನ್ನಾಗಿ ಬಲ್ಲೆ.

ನಿಮ್ಮನ್ನು 'ನೀವು' ಎಂದು ಕರೆಯುತ್ತಿದ್ದೇನೆ. ಎಸ್ಟೇಟಿನ ಡಿಸ್ಪೆನ್ಸರಿಯಲ್ಲಿ ಇಪ್ಪತ್ತೆರಡು ವರ್ಷ ಕಾಂಪೌಂಡರ್ ಆಗಿದ್ದವನು, ಕೂಲಿ ಲೈನಿನ ಒಬ್ಬರಿಗೂ ಒಂದು ದಿನವೂ 'ನೀವು' ಅಂದವನಲ್ಲ. ಅರವತ್ತು ದಾಟಿದ ಮುದುಕರೂ ನನಗೆ 'ಏ ಬಾ ಇಲ್ಲಿ'. ಆ ಬಾಯಿಗೆ ಈಗ ಈ ಮರ್ಯಾದೆ ಹೊಸದು, ತಡವರಿಸುತ್ತದೆ. ತಡವರಿಸಲಿ.

ಮೂರು ವಾರದ ಹಿಂದೆ ಬಣಕಲ್ ಬಸ್ ಸ್ಟಾಪಿನಲ್ಲಿ ನೀವು ನನ್ನ ಗುರುತು ಹಿಡಿದಿರಿ. ನನಗೆ ನಿಮ್ಮ ಗುರುತು ಸಿಗಲಿಲ್ಲ. ಕಳಸದ ಕಡೆ ಶಾಲೆಯಲ್ಲಿ ಟೀಚರ್ ಆಗಿದ್ದೇನೆ ಎಂದಿರಿ, ನಿಮ್ಮ ತಾಯಿ ಗಿರಿಜಾ ಎಂದಿರಿ. ಆಮೇಲೆ ಅಷ್ಟು ಜನರ ನಡುವೆ ಬಗ್ಗಿ ನನ್ನ ಕಾಲು ಮುಟ್ಟಿದಿರಿ. "ಅವತ್ತು ಅಪ್ಪನ ಮುಖಕ್ಕೆ ಸತ್ಯ ಹೇಳಿದ್ದು ನೀವೊಬ್ರೇ ಸಾರ್. ನಾನು ಅದನ್ನ ಮರ್ತಿಲ್ಲ. ಅವ್ರ ಹತ್ರ ಮಾತು ಬಿಟ್ಟು ಹನ್ನೆರಡು ವರ್ಷ ಆಯ್ತು" ಎಂದಿರಿ. ನಾನು ಏನು ಮಾಡಿದೆ ಗೊತ್ತೇ? ನಿಮ್ಮ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದೆ. ಅಷ್ಟು ನಾಚಿಕೆಗೆಟ್ಟ ಕೈ ಇದು. ನಿಮ್ಮ ಬಸ್ಸು ಹೋದ ಮೇಲೆ ಹೋಟೆಲಿನ ಬೆಂಚಿನಲ್ಲಿ ಕೂತೆ, ಕಾಫಿ ತರಿಸಿದೆ, ಕುಡಿಯಲಾಗಲಿಲ್ಲ.

ನಾನು ಎಂಥವನಾಗಿದ್ದೆ ಎಂದು ನಿಮಗೆ ಗೊತ್ತಾಗಬೇಕು. ಕೊಟ್ಟಿಗೆಹಾರದಿಂದ ಬಾಳೂರಿನ ಕಡೆ ಹೋಗುವ ದಾರಿಯ ಆ ಎಸ್ಟೇಟಿನಲ್ಲಿ ಧಣಿಗಳ ನಂತರ ನಾನೇ ಎಂದು ತಿಳಿದುಕೊಂಡಿದ್ದ ಮನುಷ್ಯ. ಕಣದ ಪಕ್ಕದ ಒಂದು ಕೋಣೆ, ಒಂದು ಬೀರು ಮಾತ್ರೆ, ಕುತ್ತಿಗೆಯಲ್ಲಿ ಸ್ಟೆತಾಸ್ಕೋಪು — ಅದರಲ್ಲಿ ನನಗೆ ಏನು ಕೇಳಿಸುತ್ತಿತ್ತೋ ದೇವರಿಗೇ ಗೊತ್ತು. ಕೂಲಿಯವರು ಹುಷಾರಿಲ್ಲ ಎಂದು ಬಂದರೆ ಮೊದಲು ನನಗೆ ಬರುತ್ತಿದ್ದ ಯೋಚನೆ, ಇವನಿಗೆ ರಜೆ ಬೇಕು. ಯಾಕೆಂದರೆ ರಜೆಗೂ ನನ್ನ ಚೀಟಿ ಬೇಕು, ಆಸ್ಪತ್ರೆಗೆ ಹೋಗಲು ಎಸ್ಟೇಟಿನ ಜೀಪು ಹೊರಡಬೇಕಾದರೂ ನನ್ನ ಚೀಟಿಯೇ ಬೇಕು. ಎರಡು ಬೆರಳಗಲದ ಕಾಗದ. ಅದನ್ನು ಹರಿದು ಕೊಡುವಾಗ ನನ್ನ ಮುಖ ನೋಡಬೇಕಿತ್ತು ನೀವು, ಆಸ್ತಿ ಬರೆದುಕೊಟ್ಟವನ ಗತ್ತು.

ಅಂಥವನ ಹತ್ತಿರ ಒಂದು ದಿನ ಮೆಡಿಕಲ್ ಕಾಲೇಜಿನ ಡಾಕ್ಟರೊಬ್ಬರು ಬಂದರು. ತೋಟದ ಜನರಿಗೆ ಇಷ್ಟೊಂದು ಹೊಟ್ಟೆಯ ತೊಂದರೆ ಯಾಕೆ, ಅದನ್ನು ಗುರುತಿಸುವುದು ಹೇಗೆ, ವಾಸಿ ಮಾಡುವುದು ಹೇಗೆ ಎಂದು ಅಧ್ಯಯನ ಮಾಡಬೇಕಂತೆ. ನಮ್ಮಲ್ಲಿ ಅದಕ್ಕೆಲ್ಲ ಒಂದೇ ಹೆಸರು — ಗ್ಯಾಸ್ಟ್ರಿಕ್. ಎದೆ ಉರಿದರೂ ಗ್ಯಾಸ್ಟ್ರಿಕ್, ತೇಗು ಬಂದರೂ ಗ್ಯಾಸ್ಟ್ರಿಕ್, ಬೆನ್ನು ನೋವಿಗೂ ಅದೇ. ಬೆಳಿಗ್ಗೆ ಬರಿಹೊಟ್ಟೆಗೆ ಬೆಲ್ಲದ ಕಪ್ಪು ಕಾಫಿ, ಬಾಯಲ್ಲಿ ಎಲೆಯಡಿಕೆ ಹೊಗೆಸೊಪ್ಪು, ಗಂಜಿ ಕಾಣುವುದು ಹೊತ್ತು ಏರಿದ ಮೇಲೆ. ಡಾಕ್ಟರು ಜನರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ದಿನವೂ ಮಾತ್ರೆ. ಇನ್ನೊಂದಕ್ಕೆ ಬರಿ ಊಟದ ಕ್ರಮ ತಿದ್ದುವ ಬುದ್ಧಿಮಾತು. ಒಂದು ವರ್ಷ ಎರಡೂ ಗುಂಪನ್ನು ನೋಡಿ ಯಾವುದು ಮೇಲು ಎಂದು ಬರೆಯುವುದು. ನಿಮ್ಮ ತಾಯಿ ಮಾತ್ರೆಯ ಗುಂಪಿನಲ್ಲಿದ್ದರು.

ಪ್ರತಿಯೊಬ್ಬರಿಗೂ ಒಂದು ಕಾರ್ಡು. ತಿಂಗಳಿಗೊಮ್ಮೆ ಉರಿ ಹೇಗಿದೆ, ಹಸಿವು ಹೇಗಿದೆ, ವಾಂತಿ ಇದೆಯೇ, ತೂಕ ಎಷ್ಟು — ನಾನು ಬರೆಯಬೇಕು. ಡಾಕ್ಟರು ಹೊರಡುವ ಮುಂಚೆ ಜೀಪಿನ ಬಾಗಿಲು ಹಿಡಿದುಕೊಂಡು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ: "ಮಾತ್ರೆ ಉರಿಯನ್ನ ಅಡಗಿಸ್ತದೆ ಅಷ್ಟೆ. ಒಳಗೆ ಬೇರೆ ಏನಾದ್ರೂ ಬೆಳೀತಿದ್ರೆ ನಮಗೆ ಹೇಳೋದು ತೂಕ. ಅದು ಇಳೀತಿದ್ರೆ ಒಂದು ದಿನ ಕೂಡ ಕಾಯ್ಬೇಡಿ, ಮಂಗಳೂರಿಗೆ ಕಳಿಸಿ, ಹೊಟ್ಟೆಯೊಳಗೆ ನಳಿಕೆ ಬಿಟ್ಟು ನೋಡ್ಬೇಕಾಗ್ತದೆ." ಆಮೇಲೆ ನಗುತ್ತ ಇನ್ನೊಂದು ಮಾತು ಸೇರಿಸಿದರು: ವರದಿ ಅಚ್ಚಾದಾಗ ನಿಮ್ಮ ಹೆಸರೂ ಇರುತ್ತದೆ. ಮೊದಲನೆಯ ಮಾತು ನನ್ನ ಕಿವಿಗೆ ಬಿತ್ತು, ಎರಡನೆಯದು ತಲೆಗೆ ಹತ್ತಿತು. ಅಚ್ಚಿನಲ್ಲಿ ಹೆಸರು. ಎಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದವನಿಗೆ!

ತೂಕ ಹಾಕುತ್ತಿದ್ದದ್ದು ಗೋಡೌನಿನ ದೊಡ್ಡ ತಕ್ಕಡಿಯಲ್ಲಿ, ಕಾಫಿ ಮೂಟೆ ತೂಗುವ ಹಲಗೆಯ ತಕ್ಕಡಿ. ಫೆಬ್ರವರಿಯಲ್ಲಿ ಮೊದಲ ಸಲ ತೂಗಿದಾಗ ನಿಮ್ಮ ತಾಯಿ ನಲವತ್ತಾರು ಕೆ.ಜಿ. ಬಿಸಿಲಿನ ದಿನ, ಮೈಮೇಲೆ ಬರಿ ಒಂದು ಸೀರೆ. ಸರಿಯಾದ ತೂಕ ಅದು. ಮೇವರೆಗೂ ಅದರ ಆಸುಪಾಸಿನಲ್ಲೇ ಇತ್ತು. ಅವರ ಕಾರ್ಡಿನಲ್ಲಿ ಸತ್ಯ ಇದ್ದದ್ದು ಅಲ್ಲಿಯವರೆಗೆ ಮಾತ್ರ.

ಜೂನಿನಲ್ಲಿ ಮಳೆ ಹಿಡಿಯಿತು. ಮಳೆಗಾಲದಲ್ಲಿ ನಮ್ಮ ತೋಟದ ಹೆಂಗಸರು ಕೆಲಸಕ್ಕೆ ಹೇಗೆ ಬರುತ್ತಾರೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಸೀರೆಯ ಮೇಲೆ ಗಂಡನ ಹಳೇ ತುಂಬುತೋಳಿನ ಅಂಗಿ, ಸೊಂಟಕ್ಕೆ ಗೋಣಿ, ತಲೆಯಿಂದ ಮೊಣಕಾಲಿನವರೆಗೆ ಕಂಬಳಿ ಕೊಪ್ಪೆ. ಮಧ್ಯಾಹ್ನದ ಹೊತ್ತಿಗೆ ಆ ಕಂಬಳಿ ನೀರು ಕುಡಿದು ಹೆಣಭಾರ. ಹೊದಿಕೆ ತೆಗೆಸಿ ತೂಗಬೇಕು ಎಂದು ಡಾಕ್ಟರ ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು. ನಾನು ತೆಗೆಸಲಿಲ್ಲ. ಯಾಕೆ? ತೆಗೆಸಿದರೆ ಗೋಡೌನಿನ ನೆಲವೆಲ್ಲ ಕೆಸರು, ರಕ್ತ ಹೀರುವ ಇಂಬಳ, ಆ ಉಣ್ಣೆಯ ವಾಸನೆ — ಸಾಲಿನಲ್ಲಿ ನಿಂತವರು ಬಿಚ್ಚಿ, ತೂಗಿಸಿಕೊಂಡು, ಮತ್ತೆ ಕಟ್ಟಿಕೊಳ್ಳುವವರೆಗೆ ನಾನು ಕಾಯಬೇಕು. ನನಗೆ ಅಸಹ್ಯ. ಅಷ್ಟೇ ಕಾರಣ. "ಹತ್ತು, ಹತ್ತು, ಹಾಗೇ ಹತ್ತು" ಎಂದು ಒಬ್ಬೊಬ್ಬರನ್ನಾಗಿ ಹಲಗೆ ಹತ್ತಿಸಿ ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದೆ.

ಜುಲೈನಲ್ಲಿ ನಿಮ್ಮ ತಾಯಿಯ ತೂಕ ನಲವತ್ತಾರೂವರೆ ಬಂತು. ಆ ತಿಂಗಳೇ ನಿಮ್ಮ ತಂದೆ ಸೋಮಯ್ಯನವರು — ಆಗ ನನಗೆ ಬರಿ 'ಸೋಮ' — ಮೊದಲನೆಯ ಸಲ ಬಂದು ಬಾಗಿಲಲ್ಲಿ ನಿಂತರು. ಒಳಗೆ ಬಾ ಎಂದು ನಾನು ಕರೆಯಲಿಲ್ಲ.

"ಕಾಂಪೌಂಡ್ರೇ, ಗಿರಿಜ ಊಟ ಬಿಟ್ಟಿದೆ. ಎರಡು ತುತ್ತು ತಿಂದ್ರೆ ಹೊಟ್ಟೆ ತುಂಬ್ತು ಅಂತದೆ. ಮೈ ಇಳೀತಾ ಉಂಟು. ಮಂಗ್ಳೂರಿಗೆ ಒಂದು ಚೀಟಿ ಬರ್ಕೊಡಿ."

ನಾನು ಕಾರ್ಡು ತೆಗೆದು ಅವರ ಮುಖದ ಮುಂದೆ ಹಿಡಿದೆ. ಓದಲು ಬರುವುದಿಲ್ಲ ಎಂದು ಗೊತ್ತಿದ್ದೇ ಹಿಡಿದೆ. "ನೋಡು, ಅರ್ಧ ಕೆ.ಜಿ. ಜಾಸ್ತಿ ಆಗಿದಾಳೆ. ರೋಗ ಇರೋರು ತೂಕ ಜಾಸ್ತಿ ಆಗ್ತಾರೇನೋ? ನಿಂಗೆ ಮಂಗ್ಳೂರು ನೋಡೋ ಆಸೆ ಇದ್ರೆ ಹಾಗೆ ಹೇಳು." ಪಕ್ಕದಲ್ಲಿದ್ದ ಮೇಸ್ತ್ರಿ ನಕ್ಕ. ನಾನೂ ನಕ್ಕೆ. ನಿಮ್ಮ ತಂದೆ ತಲೆ ತಗ್ಗಿಸಿ ಮಳೆಯಲ್ಲಿ ಹೋದರು.

ಆಗಸ್ಟಿನಲ್ಲಿ ಮತ್ತೆ ಬಂದರು. ಅವತ್ತು ನಲವತ್ತೇಳು ಬಂದಿತ್ತು. ನಿಮ್ಮ ತಾಯಿ ಜೊತೆಗಿದ್ದರು, ಹಲಗೆಯಿಂದ ಇಳಿಯುವಾಗ ಕಂಬ ಹಿಡಿದುಕೊಂಡಿದ್ದರು. ಬಳೆ ಜಾರಿ ಬೀಳುತ್ತದೆಂದು ಮೊಣಕೈವರೆಗೆ ಏರಿಸಿ ನೂಲು ಸುತ್ತಿಕೊಂಡಿದ್ದರು. ನಾನು ಅದನ್ನು ನೋಡಿದೆ ಸುಮಿತ್ರಾ ಅವರೇ. ಕಣ್ಣಿಗೆ ಬಿತ್ತು. ಬಿದ್ದದ್ದು ಬಿದ್ದ ಹಾಗೆಯೇ... ನಿಮ್ಮ ತಂದೆ ನನ್ನ ಕಡೆ ನೋಡದೆ, ನೆಲ ನೋಡುತ್ತ, ಮೆಲ್ಲಗೆ ಹೇಳಿದರು: "ಕಂಬ್ಳಿ ಚಂಡಿ ಆಗ್ಯದಲ್ಲ ಸ್ವಾಮಿ. ಅದನ್ನ ತೆಗ್ದು ಒಂದ್ಸಲ ತೂಗಿ ನೋಡ್ಬಹುದಿತ್ತೇನೋ."

ಓದು ಬಾರದ ಮನುಷ್ಯ. ಡಾಕ್ಟರ ಕಾಗದ ಕಣ್ಣಲ್ಲಿ ಕಂಡವರಲ್ಲ. ಆ ಇಡೀ ಅಧ್ಯಯನದಲ್ಲಿ — ಕಾಲೇಜು, ಡಾಕ್ಟರು, ಕಾರ್ಡು, ನಾನು — ತಲೆ ಓಡಿಸಿದವರು ಅವರೊಬ್ಬರೇ. ಅದಕ್ಕೇ ನನಗೆ ಮೈ ಉರಿಯಿತು. "ನೀನು ನಂಗೆ ಕಲಿಸ್ತೀಯೇನೋ? ನಿನಗಿಷ್ಟ ಬಂದ ಕಡೆ ಕರ್ಕೊಂಡು ಹೋಗು. ಆಮೇಲೆ ಈ ಬಾಗಿಲಿಗೆ ಬರ್ಬೇಡ, ಮಾತ್ರೆನೂ ಇಲ್ಲ, ಚೀಟಿನೂ ಇಲ್ಲ" ಎಂದೆ. ನಿಮ್ಮ ತಾಯಿ ಅವರ ಅಂಗಿಯ ತೋಳು ಜಗ್ಗಿ, "ಸಾಕು ಬನ್ನಿ, ಓದಿದೋರು ಹೇಳ್ತಾರಲ್ಲ, ಸರಿ ಇದ್ದೀತು" ಎಂದು ಕರೆದುಕೊಂಡು ಹೋದರು. ಮಾತ್ರೆಯಿಂದ ಅವರ ಉರಿ ಕಡಿಮೆಯಾಗಿತ್ತು, ಅದೂ ಒಂದು ಧೈರ್ಯ.

ಇಲ್ಲಿಯವರೆಗಿನದನ್ನು ಸೋಮಾರಿತನ, ಜಂಭ, ದಡ್ಡತನ ಎಂದು ಕರೆಯಬಹುದು. ಮುಂದಿನದಕ್ಕೆ ಆ ಹೆಸರುಗಳು ಸಾಲುವುದಿಲ್ಲ.

ಅಕ್ಟೋಬರಿನಲ್ಲಿ ಮಳೆ ಬಿಟ್ಟಿತು. ನಿಮ್ಮ ತಾಯಿ ಕಂಬಳಿಯಿಲ್ಲದೆ ಬಂದು ಹಲಗೆ ಹತ್ತಿದರು. ನಿಮ್ಮ ತಂದೆ ಗೋಡೌನಿನ ಹೊರಗೆ ನಿಂತಿದ್ದರು, ಮೂರನೆಯ ಸಲ. ತಕ್ಕಡಿಯ ಗುಂಡನ್ನು ನಲವತ್ತೇಳಕ್ಕೆ ಇಟ್ಟೆ. ಕಡ್ಡಿ ಅಲುಗಲಿಲ್ಲ. ನಲವತ್ತೈದಕ್ಕೆ ಸರಿಸಿದೆ. ನಲವತ್ತೆರಡು. ನಲವತ್ತು. ಮೂವತ್ತೆಂಟಕ್ಕೆ ಬಂದಾಗ ಕಡ್ಡಿ ನೆಟ್ಟಗೆ ನಿಂತಿತು. ನಿಮ್ಮ ತಾಯಿ ಕೇಳಿದರು, "ಎಷ್ಟಾಯ್ತು ಕಾಂಪೌಂಡ್ರೇ?"

"ಸರಿ ಇದೆ" ಎಂದೆ.

"ಸರಿ ಇದ್ರೆ ಆಯ್ತಪ್ಪ" ಎಂದು ನಕ್ಕರು. ಆ ನಗುವಿನಲ್ಲಿ ಅನುಮಾನವೇ ಇರಲಿಲ್ಲ. ಹೊರಗೆ ಹೋಗಿ ನಿಮ್ಮ ತಂದೆಗೂ ಅದನ್ನೇ ಹೇಳಿದರು, ನನಗೆ ಕೇಳಿಸಿತು. ನಿಮ್ಮ ತಂದೆ ಬಾಗಿಲಿನವರೆಗೆ ಬಂದು ನನ್ನನ್ನು ಒಂದು ಕ್ಷಣ ನೋಡಿ ಹೋದರು.

ಸಂಜೆ ಎಲ್ಲರೂ ಹೋದ ಮೇಲೆ ನಾನು ಒಂದು ಕೆಲಸ ಮಾಡಿದೆ. ಜಗಲಿಯಲ್ಲಿ ಯಾರೋ ಬಿಟ್ಟಿದ್ದ ಕಂಬಳಿಯನ್ನು ತೊಟ್ಟಿಯಲ್ಲಿ ಅದ್ದಿ, ನೀರು ಸೋರಲು ಬಿಟ್ಟು, ತಕ್ಕಡಿಗೆ ಹಾಕಿದೆ. ಏಳು ಕೆ.ಜಿ.ಗೆ ತುಸು ಕಡಿಮೆ. ನಾಲ್ಕು ತಿಂಗಳಿಂದ ನಾನು ಬರೆದಿದ್ದ ಅಷ್ಟೂ ಜನರ ತೂಕ ಸುಳ್ಳು ಎಂದು ಆ ಕ್ಷಣ ನನಗೆ ಗೊತ್ತಾಯಿತು. ನಿಮ್ಮ ತಾಯಿ ಮಳೆಗಾಲವಿಡೀ ಕರಗುತ್ತಲೇ ಬಂದಿದ್ದಾರೆ ಎಂದೂ ಗೊತ್ತಾಯಿತು. ಡಾಕ್ಟರು ಹೇಳಿದ ಮಾತೂ ನೆನಪಾಯಿತು. ಯಾವುದೂ ತಿಳಿಯದೆ ಮಾಡಿದ್ದಲ್ಲ.

ಮೂವತ್ತೆಂಟು ಎಂದು ಬರೆದರೆ ಉಳಿದ ತಿಂಗಳುಗಳ ಲೆಕ್ಕ ಯಾಕೆ ಹೀಗೆ ಎಂದು ಡಾಕ್ಟರು ಕೇಳುತ್ತಾರೆ. ಕಂಬಳಿ ತೆಗೆಸಲಿಲ್ಲವೇ ಎನ್ನುತ್ತಾರೆ. ಇಡೀ ಅಧ್ಯಯನ ನೀರು ಪಾಲು. ಸೋಮ ಹೇಳಿದ್ದೇ ಸರಿ, ಕಾಂಪೌಂಡರಿಗೆ ಬುದ್ಧಿಯಿಲ್ಲ ಎಂದು ಮೇಸ್ತ್ರಿ ಲೈನಿನಲ್ಲೆಲ್ಲ ಹೇಳಿಕೊಂಡು ಬರುತ್ತಾನೆ. ಅಚ್ಚಿನಲ್ಲಿ ಹೆಸರು — ಅದು ಕೂಡ... ಇದನ್ನೆಲ್ಲ ಒಂದು ಕಡೆ ಇಟ್ಟೆ, ನಿಮ್ಮ ತಾಯಿಯನ್ನು ಇನ್ನೊಂದು ಕಡೆ ಇಟ್ಟೆ. ಯಾವುದು ಭಾರ ಎಂದು ನನಗೆ ಅನ್ನಿಸಿತು ಎಂಬುದಕ್ಕೆ ಕಾರ್ಡೇ ಸಾಕ್ಷಿ. ನಲವತ್ತೈದೂವರೆ ಎಂದು ಬರೆದೆ. ಉಳಿದವರ ತೂಕವನ್ನೂ ಹಾಗೆಯೇ ಏರಿಸಿ ಬರೆದೆ. ನವೆಂಬರಿನಲ್ಲಿ ನಿಮ್ಮ ತಾಯಿ ತೂಕಕ್ಕೆ ಬರಲಿಲ್ಲ, ನಡೆಯಲಾಗುತ್ತಿರಲಿಲ್ಲ. ಅದಕ್ಕೂ ನಾನೇ ಒಂದು ಸಂಖ್ಯೆ ಹಾಕಿದೆ.

ಡಿಸೆಂಬರಿನ ಆ ಬೆಳಿಗ್ಗೆ ನಿಮಗೆ ನೆನಪಿದೆ. ಹಣ್ಣು ಕೊಯ್ಲಿಗೆ ಜನ ಹೊರಟಿದ್ದ ಹೊತ್ತು. ನಿಮ್ಮ ತಂದೆ ನಿಮ್ಮ ತಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಡಿಸ್ಪೆನ್ಸರಿಯ ಜಗಲಿಗೆ ತಂದು ಮಲಗಿಸಿದರು. ರಕ್ತ ವಾಂತಿಯಾಗಿತ್ತು, ಸೆರಗೆಲ್ಲ ಕಪ್ಪು. ನೀವು ಹಿಂದೆಯೇ ಓಡಿಬಂದಿರಿ, ಹದಿಮೂರೋ ಹದಿನಾಲ್ಕೋ ವಯಸ್ಸು, ಕೈಯಲ್ಲಿ ಒಂದು ಚೆಂಬು ನೀರು. ಮೇಸ್ತ್ರಿ, ಲೆಕ್ಕ ಬರೆಯುವ ರೈಟರು, ಲೈನಿನ ಇಪ್ಪತ್ತು ಜನ ಸುತ್ತ ನಿಂತರು. ನಿಮ್ಮ ತಂದೆ ತಲೆಯೆತ್ತಿ ನನ್ನ ಮುಖ ನೋಡಿದರು. ಇನ್ನೇನು ಬಾಯಿ ತೆರೆಯುತ್ತಾರೆ, ಮೂರು ಸಲ ಬಂದಿದ್ದೆ ಎನ್ನುತ್ತಾರೆ ಎಂದು ನನಗೆ ಅನ್ನಿಸಿತು. ಅದಕ್ಕೆ ಮೊದಲೇ ನಾನು ಕೂಗಿದೆ.

"ಇಷ್ಟು ದಿನ ಎಲ್ಲಿ ಸತ್ತಿದ್ದೆಯೋ ಸೋಮ? ಹೆಂಡ್ತಿ ಈ ಸ್ಥಿತಿಗೆ ಬರೋವರೆಗೆ ಕಾಯ್ಕೊಂಡು ಕೂತಿದ್ಯಾ? ಒಂದು ಮಾತು ಮುಂಚೆ ಹೇಳಿದ್ರೆ ಜೀಪು ಕಳಿಸ್ತಿರ್ಲಿಲ್ವಾ ನಾನು?"

ಅವರು ಬಾಯಿ ತೆರೆದರು. ತೆರೆದ ಬಾಯಿ ಹಾಗೆಯೇ ಮುಚ್ಚಿತು. ಎದುರಾಡಿದರೆ ನಾನು ಚೀಟಿ ಬರೆಯುವುದು ತಡವಾದೀತು ಎಂದು ಹೆದರಿದರೋ ಏನೋ. ನನ್ನ ಕೈಯಲ್ಲಿ ಚೀಟಿ ಪುಸ್ತಕವಿತ್ತು, ಅವರು ಅದನ್ನೇ ನೋಡುತ್ತಿದ್ದರು. ಸುಮ್ಮನಾದದ್ದನ್ನು ಜನ ತಪ್ಪೊಪ್ಪಿಗೆ ಎಂದು ತಿಳಿದರು. ನೀವೂ ಹಾಗೆಯೇ ತಿಳಿದಿರಿ. ಚೆಂಬು ಕೆಳಗಿಟ್ಟು ನಿಮ್ಮ ತಂದೆಯನ್ನು ನೋಡಿದ ನಿಮ್ಮ ಆ ನೋಟ — ಅದು ನನಗೆ ಸೇರಬೇಕಾದ್ದು.

ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋದರು. ನಳಿಕೆ ಬಿಟ್ಟು ನೋಡಿದಾಗ ಜಠರದ ಕ್ಯಾನ್ಸರು, ಲಿವರಿನವರೆಗೆ ಹಬ್ಬಿತ್ತು. ಕೊಯ್ದು ತೆಗೆಯುವ ಕಾಲ ದಾಟಿದೆ, ಐದಾರು ತಿಂಗಳು ಮೊದಲು ತಂದಿದ್ದರೆ ಪ್ರಯತ್ನಿಸಬಹುದಿತ್ತು ಎಂದು ಅಲ್ಲಿನ ಡಾಕ್ಟರು ಹೇಳಿದರಂತೆ. ಐದಾರು ತಿಂಗಳ ಮೊದಲು ಅಂದರೆ ಜುಲೈ. ಉಳಿಯುತ್ತಿದ್ದರೇ ಎಂದು ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಆ ಗೊತ್ತಿಲ್ಲದ್ದರ ಹಿಂದೆ ಅಡಗಿಕೊಂಡು ನಾನು ಬಹಳ ವರ್ಷ ಆರಾಮಾಗಿ ಉಂಡೆ, ಮಲಗಿದೆ. ಶಿವರಾತ್ರಿಯ ಹಿಂದಿನ ವಾರ ಅವರು ತೀರಿಕೊಂಡರು. ನಿಮ್ಮನ್ನು ಅಜ್ಜಿ ಕಳಸಕ್ಕೆ ಕರೆದುಕೊಂಡು ಹೋದರು.

ವರದಿ ಅಚ್ಚಾಗಿ ಅಂಚೆಯಲ್ಲಿ ಬಂತು. ಕೊನೆಯಲ್ಲಿ ನನ್ನ ಹೆಸರಿತ್ತು. ಮಾತ್ರೆ ತೆಗೆದುಕೊಂಡವರ ಮೈತೂಕ ಮಳೆಗಾಲದಲ್ಲಿಯೂ ಏರಿದ್ದು ಚಿಕಿತ್ಸೆ ಫಲಿಸಿದ್ದಕ್ಕೆ ಗುರುತು ಎಂಬ ಅರ್ಥದ ಮಾತು ಅದರಲ್ಲಿತ್ತಂತೆ, ಇಂಗ್ಲಿಷ್ ಬಲ್ಲ ರೈಟರು ಓದಿ ಹೇಳಿದರು. ಕಂಬಳಿ ಕುಡಿದ ನೀರಿನ ಮೇಲೆ ಕಟ್ಟಿದ ವಿದ್ಯೆ. ಬರಿ ಬುದ್ಧಿಮಾತಿನ ಗುಂಪಿನವರೂ ಅದೇ ಕಂಬಳಿ ಹೊದ್ದು ತೂಗಿಸಿಕೊಂಡಿದ್ದರಲ್ಲ, ಅವರದ್ದೂ ಏರಿತ್ತಲ್ಲ, ಮಲೆನಾಡಿನ ಆಷಾಢದಲ್ಲಿ ಕೂಲಿಯವರು ದಪ್ಪಗಾಗುವುದುಂಟೇ ಎಂದು ಓದಿದವರೊಬ್ಬರೂ ಕೇಳಲಿಲ್ಲ. ನಾನು ಅದನ್ನು ಧಣಿಗಳಿಗೆ ತೋರಿಸಿ ಶಹಭಾಸ್ ಅನ್ನಿಸಿಕೊಂಡೆ. ಹಲ್ಲು ಕಿರಿದುಕೊಂಡು.

ನೀವು ಕಾಲು ಮುಟ್ಟಿದ ಮಾರನೇ ದಿನ ಆ ಡಾಕ್ಟರ ನಂಬರು ಹುಡುಕಿಸಿ ಫೋನು ಮಾಡಿದೆ. ಎಲ್ಲ ಹೇಳಿದೆ. "ಹಳೇ ವಿಷಯ, ಈಗ್ಯಾಕೆ ಕೆದಕ್ತೀರಿ, ಆರೋಗ್ಯ ನೋಡ್ಕೊಳ್ಳಿ" ಎಂದರು. ಅವರನ್ನು ಬೈಯಲು ನನಗೆ ಯೋಗ್ಯತೆಯಿಲ್ಲ, ಆದರೂ ಅಸಹ್ಯವಾಯಿತು. ನನ್ನದೇ ಧ್ವನಿ ಆ ಕಡೆಯಿಂದ ಕೇಳಿದ ಹಾಗಾಯಿತು. ಕಾಲೇಜಿನ ಮುಖ್ಯಸ್ಥರಿಗೆ ಬೇರೆ ಕಾಗದ ಬರೆದು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಅವರು ಏನಾದರೂ ಮಾಡಿಕೊಳ್ಳಲಿ.

ನಿನ್ನೆ ಬಾಳೂರಿಗೆ ಹೋಗಿದ್ದೆ. ನಿಮ್ಮ ತಂದೆ ಈಗ ಲೈನಿನಲ್ಲಿಲ್ಲ, ರಸ್ತೆಯ ಮೇಲ್ಬದಿಯಲ್ಲಿ ಒಂದು ಸಣ್ಣ ಮನೆಯಲ್ಲಿದ್ದಾರೆ. ಕಣ್ಣು ಮಂಜಾಗಿದೆ, ಬೆನ್ನು ಬಾಗಿದೆ. ಅಂಗಳದಲ್ಲಿ ಬುಟ್ಟಿ ಹೆಣೆಯುತ್ತಿದ್ದರು. ನನ್ನನ್ನು ಕಂಡು ಏಳಲು ಹೋದರು, ಅಭ್ಯಾಸ ಬಲ. ಕೂತಿರಿ ಎಂದೆ. ಅವರ ಎದುರು ನೆಲದಲ್ಲಿ ಕೂತು, ನಿಮಗೆ ಈಗ ಬರೆದದ್ದನ್ನೆಲ್ಲ ಹೇಳಿದೆ. ಮೂವತ್ತೆಂಟರ ವಿಷಯವನ್ನೂ ಹೇಳಿದೆ. ಕೈಯಲ್ಲಿದ್ದ ಬಿದಿರಿನ ಸೀಳು ಅವರು ಕೆಳಗಿಡಲಿಲ್ಲ.

"ಗೊತ್ತಿತ್ತು ಕಾಂಪೌಂಡ್ರೇ" ಎಂದರು. "ದಿನಾ ಗಿರಿಜನ್ನ ಎತ್ತಿ ಕೂರಿಸ್ತಿದ್ದೋನು ನಾನಲ್ದಾ. ಅದ್ರ ಭಾರ ಎಷ್ಟೂಂತ ನಂಗೆ ಗೊತ್ತಾಗಲ್ವಾ?"

ಮಗಳಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಎಂಥ ಪ್ರಶ್ನೆ, ನೋಡಿ.

"ಹೇಳಿದ್ದೆ ಮಾರಾಯ್ರೇ. ಕಳಸಕ್ಕೆ ಹೋಗಿ ಹೇಳಿದ್ದೆ. ಕಾಂಪೌಂಡ್ರು ಯಾಕೆ ಸುಳ್ಳು ಹೇಳ್ತಾರೆ ಅಂತ ಕೇಳ್ತು. ಅವತ್ತಿಂದ ನಂಗೆ ಮುಖ ಕೊಡ್ಲಿಲ್ಲ ಅದು."

ಬೈಯುತ್ತಾರೆ ಎಂದು ಕಾದೆ. ಎರಡು ಏಟು ಹಾಕಿದ್ದರೆ ಹಗುರಾಗಿ ಎದ್ದು ಬರುತ್ತಿದ್ದೆ. ಅವರು ನನಗೆ ಅಷ್ಟು ಸುಲಭದ್ದನ್ನು ಕೊಡಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ, ನಾನು ಕೇಳಲೂ ಇಲ್ಲ, ನಿಮ್ಮ ಹತ್ತಿರವೂ ಕೇಳುತ್ತಿಲ್ಲ. ನಾಡಿದ್ದು ಭಾನುವಾರ ಲೈನಿಗೆ ಹೋಗಿ, ಅವತ್ತು ಇದ್ದವರಲ್ಲಿ ಉಳಿದವರನ್ನು ಕರೆದು, ಅಷ್ಟೇ ಗಟ್ಟಿ ದನಿಯಲ್ಲಿ ಇದನ್ನು ಹೇಳುತ್ತೇನೆ ಎಂದೆ. ಅದಕ್ಕೆ ಅವರು ಕಿವಿಯನ್ನೇ ಕೊಡಲಿಲ್ಲ. ಮಗಳಿಗೆ ಕಾಗದ ಬರೆಯುತ್ತೇನೆ ಎಂದಾಗ ಮಾತ್ರ ಅವರ ಕೈ ನಿಂತಿತು. ಬಿದಿರು ಕೆಳಗಿಟ್ಟು, ಮಂಜುಗಣ್ಣನ್ನು ನನ್ನ ಕಡೆ ತಿರುಗಿಸಿ, ಒಂದೇ ಮಾತು ಕೇಳಿದರು.

"ಓದಿದ್ರೆ ಮನೆಗೆ ಬರ್ತದಾ ಅದು?"

ನನಗೆ ಗೊತ್ತಿಲ್ಲ ಎಂದೆ. ಅವರು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದರು.